3 ಟ್ರಂಕ್, 24 ಎಕ್ಸ್‌ಟೆನ್ಶನ್ ಇಪಿಎಬಿಎಕ್ಸ್: ರಿಪೇರಿಯೋ, ಕಾರ್ಡ್ ಬದಲಾವಣೆಯೋ, ಹೊಸತೋ?

ಬೈಕಂಪಾಡಿ ಅಡ್ಮಿನ್:

ನಮ್ಮಲ್ಲಿ ಎರಡು ಮಾಳಿಗೆಯ ಆಫೀಸು, ಅಂಗಳದಾಚೆ ಸುಮಾರು 120 ಮೀಟರ್ ದೂರದಲ್ಲಿ ಗೋಡೌನು, ಗೇಟಿನ ಹತ್ತಿರ ವೇ ಬ್ರಿಜ್ ಮತ್ತು ಸೆಕ್ಯುರಿಟಿ ಕ್ಯಾಬಿನ್ ಉಂಟು. ಎಲ್ಲದಕ್ಕೂ ಸೇರಿ ಒಂದೇ ಇಪಿಎಬಿಎಕ್ಸ್ (ಕಂಪೆನಿಯ ಒಳಗಿನ ಟೆಲಿಫೋನ್ ಎಕ್ಸ್‌ಚೇಂಜ್). 3 ಟ್ರಂಕ್ (ಹೊರಗಿನಿಂದ ಬರುವ ಲೈನ್), ಎಂಟೆಂಟು ಪೋರ್ಟಿನ ಮೂರು ಕಾರ್ಡು ಸೇರಿ 24 ಎಕ್ಸ್‌ಟೆನ್ಶನ್ (ಒಳಗಿನ ಫೋನ್). ಬಳಕೆಯಲ್ಲಿರುವುದು 19. ಆಪರೇಟರ್ ಹತ್ತಿರ ಮಾತ್ರ ಕೀ ಫೋನ್, ಉಳಿದದ್ದೆಲ್ಲ ಮಾಮೂಲಿ ಅನಲಾಗ್ ಸೆಟ್. ಸಿಸ್ಟಮ್ 2011ರದ್ದು, ಆ ಮಾಡೆಲ್ ಈಗ ತಯಾರಾಗುವುದಿಲ್ಲ.

ಈಗಿನ ತೊಂದರೆ ಇಷ್ಟು. ಮೂರನೇ ಕಾರ್ಡು ಸಿಡಿಲಿಗೆ ಹೋಗಿದೆ. ಗೋಡೌನಿನ ನಾಲ್ಕು, ಗೇಟಿನ ಎರಡು ಫೋನ್ ಅದರಲ್ಲೇ ಇದ್ದದ್ದು. ಈ ಕಾರ್ಡನ್ನು ಈ ಮೊದಲೂ ಬದಲಾಯಿಸಲಾಗಿದೆ. ಎರಡನೇ ಟ್ರಂಕಿನಲ್ಲಿ ಮಳೆ ಬಂದರೆ ಕರಕರ ಸದ್ದು. ಕರೆಂಟ್ ಹೋಗಿ ಬಂದರೆ ಎಕ್ಸ್‌ಚೇಂಜ್ ರೀಸ್ಟಾರ್ಟ್ ಆಗಿ ಪ್ರೋಗ್ರಾಮ್ ಪೂರ್ತಿ ಹೋಗುತ್ತದೆ, ಹೊರಗಿನ ಕಾಲ್ ಬಂದರೆ ಸಿಕ್ಕಸಿಕ್ಕ ಫೋನ್ ರಿಂಗ್ ಆಗುತ್ತದೆ. ಮೂರನೇ ಟ್ರಂಕನ್ನು ತಾಮ್ರದಿಂದ ಫೈಬರಿಗೆ ಹಾಕಿಸಿದ ಮೇಲೆ ಆ ಲೈನಿನಲ್ಲಿ ಕಾಲರ್ ಐಡಿ ಇಲ್ಲ. ಹೋಲ್ಡ್‌ನಲ್ಲಿದ್ದವರು ಫೋನ್ ಇಟ್ಟರೂ ಲೈನ್ ಬಿಡುವುದಿಲ್ಲ, ಆಪರೇಟರ್ ಎತ್ತಿ ಇಡುವವರೆಗೆ ಬ್ಯುಸಿ ಇರುತ್ತದೆ. ಉಳಿದ ಎರಡು ಲೈನನ್ನೂ ಫೈಬರಿಗೆ ಬದಲಾಯಿಸಿಕೊಳ್ಳಿ ಅಂತ ಲೈನ್ ಕಂಪೆನಿಯವರು ಹೇಳಿದ್ದಾರೆ.

ಮೂರು ಕೊಟೇಶನ್ ಕೈಯಲ್ಲಿ ಉಂಟು. ಮೊದಲನೆಯದು ಕಾರ್ಡ್ ಮತ್ತು ಪವರ್ ಸಪ್ಲೈ ರಿಪೇರಿ, 11,000 ರೂ. ಎರಡನೆಯದು ಬೇರೆ ಕಡೆಯಿಂದ ತೆಗೆದ ಹಳೆ ಕಾರ್ಡ್, ಹೊಸ ಎಸ್‌ಎಂಪಿಎಸ್ (ಪವರ್ ಸಪ್ಲೈ), ಒಂದು ವರ್ಷದ ಎಎಂಸಿ (ನಿರ್ವಹಣೆಯ ಒಪ್ಪಂದ) ಸೇರಿ 34,000 ರೂ. ಮೂರನೆಯದು ಕಂಪ್ಯೂಟರ್ ನೆಟ್‌ವರ್ಕಿನ ಮೇಲೆ ನಡೆಯುವ ಹೊಸ ಐಪಿ ಸಿಸ್ಟಮ್, 20 ಐಪಿ ಫೋನ್, ಕ್ಯಾಟ್ 6 (ನೆಟ್‌ವರ್ಕ್ ಕೇಬಲ್) ವೈರಿಂಗ್ ಎಲ್ಲ ಸೇರಿ 1,72,000 ರೂ., ಜಿಎಸ್‌ಟಿ ಬೇರೆ. ಮೇನೇಜ್‌ಮೆಂಟಿಗೆ ಕಾರಣ ಸಮೇತ ಬರೆದು ಕೊಡಬೇಕು. ಯಾವುದು ಸರಿ?


ಕ್ರೋನ್ ಟೂಲ್, ಯೆಯ್ಯಾಡಿ:

ಮೂರೂ ಕೊಟೇಶನ್‌ನಲ್ಲಿ ಹೊರಗೆ ಹೋಗುವ ಹಳೆ ಕೇಬಲ್ ಬಗ್ಗೆ, ಅರ್ಥಿಂಗ್ ಬಗ್ಗೆ ಒಂದು ಸಾಲೂ ಇಲ್ಲ. ಅದಕ್ಕೇ ಈಗಲೇ ಯಾವುದಕ್ಕೂ ಹೂಂ ಅನ್ನಬೇಡಿ. ಹೊರಗೆ ಹೋಗುವ ಕೇಬಲ್ ಇರುವ ಕಾರ್ಡೇ ಮತ್ತೆ ಮತ್ತೆ ಸಾಯುತ್ತದೆ ಅಂದರೆ ತಪ್ಪು ಕಾರ್ಡಿನದ್ದಲ್ಲ. ಅದೇ ಜೋಡಿ ತಂತಿಗೆ ನಾಳೆ ಲಕ್ಷ ರೂಪಾಯಿಯ ಮೆಷಿನ್ ಕಟ್ಟಿದರೂ ಬರುವ ಎಪ್ರಿಲ್-ಮೇ ಸಿಡಿಲಿಗೆ ಅದೂ ಹೋಗುತ್ತದೆ.

ಮೊದಲು ನಾಲ್ಕು ಕಡೆ ಅಳತೆ ತೆಗೆಯಿರಿ. ಹೆಚ್ಚಿನದಕ್ಕೆ ಮಲ್ಟಿಮೀಟರ್ ಸಾಕು, ಕೇಬಲಿಗೆ 250 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್), ಅರ್ಥಿಗೆ ಅರ್ಥ್ ಟೆಸ್ಟರ್ ಬೇಕು.

ಕಾರ್ಡು. ಎಂಡಿಎಫ್ ಬಾಕ್ಸಿನಲ್ಲಿ (ಎಲ್ಲ ತಂತಿ ಬಂದು ಸೇರುವ ಡಬ್ಬ) ಮೂರನೇ ಕಾರ್ಡಿನ ಎಂಟೂ ಜೋಡಿಯನ್ನು ಕ್ರೋನ್ ಮಾಡ್ಯೂಲಿನಲ್ಲೇ (ತಂತಿ ಒತ್ತಿ ಕೂರಿಸುವ ಪಟ್ಟಿ) ಡಿಸ್‌ಕನೆಕ್ಟ್ ಪ್ಲಗ್ ಹಾಕಿ ಬಿಡಿಸಿ. ಡಿಸ್‌ಕನೆಕ್ಷನ್ ಮಾದರಿಯ ಮಾಡ್ಯೂಲ್ ಅಲ್ಲದಿದ್ದರೆ ಜಂಪರ್ (ಎರಡು ಕಡೆ ಜೋಡಿಸುವ ತುಂಡು ತಂತಿ) ತೆಗೆಯಬೇಕಾಗುತ್ತದೆ. ಆಮೇಲೆ ಸರಿಯಿರುವ ಒಂದು ಫೋನನ್ನು ಎಕ್ಸ್‌ಚೇಂಜ್ ಕಡೆಯ ಜೋಡಿಗೆ ನೇರ ಕೊಟ್ಟು ಒಂದೊಂದೇ ಪೋರ್ಟ್ ನೋಡಿ. ಫೋನ್ ಇಟ್ಟಾಗ ಎಷ್ಟು ವೋಲ್ಟ್ ಇರಬೇಕು ಎನ್ನುವುದು ಮಾಡೆಲ್ ಮೇಲೆ ಹೋಗುತ್ತದೆ, ಕೆಲವದರಲ್ಲಿ 24ರ ಆಸುಪಾಸು, ಕೆಲವದರಲ್ಲಿ 48. ಅದಕ್ಕೆ ಒಂದನೇ ಕಾರ್ಡಿನ ಸರಿಯಿರುವ ಪೋರ್ಟಿನ ರೀಡಿಂಗ್ ಜೊತೆ ಹೋಲಿಸಿ. ಫೋನ್ ಎತ್ತಿದಾಗ ಅದು 6ರಿಂದ 10 ವೋಲ್ಟಿಗೆ ಇಳಿಯಬೇಕು. ಡಯಲ್ ಟೋನ್ ಇದ್ದು ರಿಂಗ್ ಮಾತ್ರ ಬರದಿದ್ದರೆ ಆ ಪೋರ್ಟಿನ ರಿಂಗ್ ರಿಲೇಯದ್ದೋ ಡ್ರೈವರಿನದ್ದೋ ದೋಷ. ಯಾವ ಪೋರ್ಟಿನಲ್ಲೂ ರಿಂಗ್ ಇಲ್ಲದಿದ್ದರೆ ಪವರ್ ಸಪ್ಲೈಯ ರಿಂಗ್ ಜನರೇಟರ್ ಕಡೆ ನೋಡಬೇಕು; ಅಲ್ಲಿ ಸುಮಾರು 75 ವೋಲ್ಟ್ ಎಸಿ ಇರುತ್ತದೆ, ಕೈ ತಾಗಿಸಬೇಡಿ.

ಬ್ಯಾಟರಿ. ಹೆಚ್ಚಿನ ಕಡೆ 12 ವೋಲ್ಟ್ 7 ಎಎಚ್ ಬ್ಯಾಟರಿ ನಾಲ್ಕು ಸೀರೀಸ್‌ನಲ್ಲಿ ಇರುತ್ತವೆ. ಮೇನ್ಸ್ ಇದ್ದಾಗ ಒಂದೊಂದರ ಮೇಲೂ 13.5ರಿಂದ 13.8 ಕಾಣಬೇಕು. ಈ ರೀಡಿಂಗ್ ನೋಡಿ ಬ್ಯಾಟರಿ ಸರಿ ಉಂಟು ಅಂತ ಹೇಳಿ ಹೋಗುವವರೇ ಜಾಸ್ತಿ. ಮೇನ್ಸ್ ತೆಗೆದು ಐದು ನಿಮಿಷ ಬಿಟ್ಟು ಪುನಃ ಒಂದೊಂದನ್ನೂ ಬೇರೆ ಬೇರೆಯಾಗಿ ಅಳೆಯಿರಿ. 10.5ಕ್ಕಿಂತ ಕೆಳಗೆ ಹೋದದ್ದು ಸತ್ತ ಹಾಗೆಯೇ. ನಾಲ್ಕರಲ್ಲಿ ಒಂದು ಹೋದರೂ ನಾಲ್ಕನ್ನೂ ಒಟ್ಟಿಗೇ ಬದಲಾಯಿಸಬೇಕು, ಇಲ್ಲದಿದ್ದರೆ ಹಳತು ಹೊಸತನ್ನೂ ಹಾಳು ಮಾಡುತ್ತದೆ.

ಪ್ರೋಗ್ರಾಮ್ ಹೋಗುವುದಕ್ಕೆ ಕಾರಣ ಸಿಪಿಯು ಕಾರ್ಡಿನ ಮೇಲಿನ ಸಣ್ಣ ಸೆಲ್. ಸಿಆರ್2032 ಆದರೆ 3 ವೋಲ್ಟ್ ಇರಬೇಕು, 2.7ಕ್ಕೆ ಬಂದರೆ ಬದಲಾಯಿಸಿ. ಬೋರ್ಡಿಗೇ ಬೆಸುಗೆ ಹಾಕಿದ 3.6 ವೋಲ್ಟಿನ ರೀಚಾರ್ಜೆಬಲ್ ಸೆಲ್ ಆಗಿದ್ದರೆ ಅದರ ಬುಡ ಚೆನ್ನಾಗಿ ನೋಡಿ. ಅದು ಸೋರಿ ಹಸಿರು-ಬಿಳಿ ಪುಡಿ ಕಟ್ಟಿದ್ದರೆ ಬೋರ್ಡಿನ ಟ್ರ್ಯಾಕ್ ತಿನ್ನುತ್ತಾ ಇರುತ್ತದೆ. ಸೆಲ್ ತೆಗೆದು, ಹತ್ತಿಗೆ ನೀರು ಬೆರೆಸಿದ ವಿನೆಗರ್ ಹಚ್ಚಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆಯಬೇಕು. ಇದಕ್ಕೆ ಮೊದಲು ಎಕ್ಸ್‌ಟೆನ್ಶನ್ ನಂಬರ್, ರಿಂಗ್ ಗ್ರೂಪ್, ಎಸ್‌ಟಿಡಿ ಲಾಕ್ ಎಲ್ಲ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಇನ್ನು ಕೇಬಲ್, ನನ್ನ ಪ್ರಕಾರ ನಿಮ್ಮ ಕಥೆ ಇರುವುದು ಇಲ್ಲೇ. ಗೋಡೌನಿನ ಜೋಡಿಗಳನ್ನು ಎರಡೂ ತುದಿಯಲ್ಲಿ ಬಿಡಿಸಿ. ಎಕ್ಸ್‌ಚೇಂಜ್ ಆಗಲಿ ಫೋನ್ ಆಗಲಿ ತಂತಿಯಲ್ಲಿರುವಾಗ ಮೆಗ್ಗರ್ ಹಾಕಿದರೆ ಅದೇ ಸುಟ್ಟು ಹೋಗುತ್ತದೆ, ನೆನಪಿರಲಿ. ತಂತಿ-ತಂತಿ, ಪ್ರತಿ ತಂತಿ-ಅರ್ಥ್, ಮೂರೂ ಅಳೆಯಿರಿ. ಒಳ್ಳೆಯ ಕೇಬಲ್ ಹತ್ತಾರು ಮೆಗಾ ಓಮ್ ತೋರಿಸುತ್ತದೆ. 1 ಮೆಗಾ ಓಮಿಗಿಂತ ಕೆಳಗಿದ್ದರೆ ನೀರು ಹೊಕ್ಕಿದೆ. ಆಮೇಲೆ ಗೋಡೌನಿನ ತುದಿಯಲ್ಲಿ ಎರಡೂ ತಂತಿ ಸೇರಿಸಿ ಈ ಕಡೆಯಿಂದ ಓಮ್ ನೋಡಿ. 0.5 ಮಿ.ಮೀ. ತಾಮ್ರಕ್ಕೆ ಕಿಲೋಮೀಟರಿಗೆ ಹೋಗಿ ಬಂದು ಸುಮಾರು 176 ಓಮ್, ಅಂದರೆ 120 ಮೀಟರಿಗೆ 21. ಅದಕ್ಕಿಂತ ತುಂಬ ಹೆಚ್ಚು ಬಂದರೆ ಅಥವಾ ರೀಡಿಂಗ್ ಒಂದು ಕಡೆ ನಿಲ್ಲದೆ ಓಡಾಡಿದರೆ ಮಧ್ಯದಲ್ಲಿ ಎಲ್ಲೋ ಜಾಯಿಂಟ್ ಹಾಳಾಗಿದೆ. ಅಂಥ ಜಾಯಿಂಟ್ ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಎರಡರಲ್ಲಿ ಒಂದೇ ತಂತಿ ಹಸಿರಾಗಿ ಪುಡಿ ಪುಡಿಯಾಗಿರುತ್ತದೆ, ಇನ್ನೊಂದು ಹೊಳೆಯುತ್ತಿರುತ್ತದೆ. ಲೈನಿನಲ್ಲಿ ಯಾವಾಗಲೂ ಡಿಸಿ ಇರುವುದರಿಂದ ಉಪ್ಪಿನ ತೇವ ಸೇರಿದಾಗ ಪಾಸಿಟಿವ್ ಕಡೆಯ ತಾಮ್ರ ಕರಗುತ್ತದೆ. ನಮ್ಮ ಕರಾವಳಿಯಲ್ಲಿ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಒಂದು ಮಳೆಗಾಲವೂ ಸರಿಯಾಗಿ ಬಾಳುವುದಿಲ್ಲ. ಜೆಲ್ ತುಂಬಿದ ಕನೆಕ್ಟರೇ ಹಾಕಬೇಕು.

ಸಿಡಿಲು ನೇರ ತಂತಿಗೇ ಬಡಿಯಬೇಕು ಅಂತೇನಿಲ್ಲ. ಹತ್ತಿರ ಎಲ್ಲಾದರೂ ಬಿದ್ದರೆ ಆಫೀಸಿನ ನೆಲಕ್ಕೂ ಗೋಡೌನಿನ ನೆಲಕ್ಕೂ ನಡುವೆ ಆ ಕ್ಷಣಕ್ಕೆ ಸಾವಿರಾರು ವೋಲ್ಟಿನ ವ್ಯತ್ಯಾಸ ಏಳುತ್ತದೆ. ಎರಡನ್ನೂ ಜೋಡಿಸಿರುವುದು ನಿಮ್ಮ ಟೆಲಿಫೋನ್ ಕೇಬಲ್, ಹಾಗಾಗಿ ಅದು ಕಾರ್ಡಿನ ಮೂಲಕ ಹಾದು ಹೋಗುತ್ತದೆ. ಇದಕ್ಕೆ ಕ್ರೋನ್ ಮಾಡ್ಯೂಲಿನ ಮೇಲೆ ಕೂರುವ ಪ್ರೊಟೆಕ್ಷನ್ ಪ್ಲಗ್ ಸಿಗುತ್ತದೆ. ಮೂರು ಕಾಲಿನ 230 ವೋಲ್ಟ್ ಗ್ಯಾಸ್ ಟ್ಯೂಬ್ (ಏರಿದ ವೋಲ್ಟೇಜನ್ನು ಅರ್ಥಿಗೆ ಹರಿಸುವುದು) ಮತ್ತು ಪಿಟಿಸಿ (ಹೆಚ್ಚಾದ ಕರೆಂಟನ್ನು ತಡೆಯುವುದು) ಎರಡೂ ಇರುವುದನ್ನೇ ತನ್ನಿ. ಗ್ಯಾಸ್ ಟ್ಯೂಬ್ ಒಂದೇ ಇದ್ದರೆ ಅದು ಕೆಲಸ ಸುರು ಮಾಡುವಷ್ಟರಲ್ಲಿ ಐಸಿ ಹೋಗಿರುತ್ತದೆ. ಹೊರಗೆ ಹೋಗುವ ಪ್ರತಿ ಜೋಡಿಗೂ, ತಾಮ್ರದ ಟ್ರಂಕಿಗೂ ಬೇಕು.

ಪ್ರೊಟೆಕ್ಷನ್ ಹಾಕಿ ಅರ್ಥಿಂಗ್ ತಪ್ಪಿದರೆ ದುಡ್ಡು ದಂಡ. ಎಲೆಕ್ಟ್ರಾನಿಕ್ಸಿಗೆ ಅಂತ ಬೇರೆ ಗುಂಡಿ ತೋಡಿ, ಅದನ್ನು ಕಟ್ಟಡದ ಅರ್ಥಿಗೆ ಸೇರಿಸದೆ ಬಿಡುವ ಪದ್ಧತಿ ತುಂಬ ಕಡೆ ಉಂಟು. ಅದು ಕೂಡದು. ಎರಡು ಅರ್ಥ್ ಬೇರೆ ಬೇರೆ ಇದ್ದರೆ ಸಿಡಿಲಿನ ವೇಳೆ ವ್ಯತ್ಯಾಸದ ವೋಲ್ಟೇಜು ನಿಮ್ಮ ಮೆಷಿನಿನ ಒಳಗೇ ಏಳುತ್ತದೆ. ಪ್ರೊಟೆಕ್ಷನ್ ಮಾಡ್ಯೂಲ್, ಎಕ್ಸ್‌ಚೇಂಜ್ ಚಾಸಿಸ್, ಕರೆಂಟಿನ ಅರ್ಥ್ ಮೂರೂ ಒಂದೇ ತಾಮ್ರದ ಪಟ್ಟಿಗೆ ಬರಬೇಕು. 6 ಚದರ ಮಿ.ಮೀ. ತಂತಿ, ಆದಷ್ಟು ಗಿಡ್ಡ, ಸುರುಳಿ ಸುತ್ತದೆ ನೇರ. ಅರ್ಥ್ ರೆಸಿಸ್ಟೆನ್ಸನ್ನು ಮಳೆಗಾಲದಲ್ಲಿ ಅಳೆದು ಸಮಾಧಾನ ಪಟ್ಟುಕೊಳ್ಳಬೇಡಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಓಮ್ ಏರುವ ಹೊತ್ತಿಗೇ ಮೊದಲ ಸಿಡಿಲು ಬರುವುದು. ಮಾರ್ಚ್-ಎಪ್ರಿಲಿನಲ್ಲಿ ಅಳೆದು 5 ಓಮ್ ಒಳಗೆ ಇರಬೇಕು. ಇಲ್ಲದಿದ್ದರೆ ರಾಡ್ ಸುತ್ತ ಬೆಂಟೊನೈಟ್ ತುಂಬಿಸಿ, ಬೇಕಾದರೆ ಇನ್ನೊಂದು ರಾಡ್ ಹೊಡೆಸಿ ಜೋಡಿಸಿ.

ಅಳತೆ ಬಂದ ಮೇಲೆ ಇಲ್ಲೇ ಹಾಕಿ.


ಮಣಿಪಾಲ ನೆಟ್‌ವರ್ಕಿಂಗ್:

ಮೇಲಿನವರು ಹೇಳಿದ್ದು ಹೊಸ ಸಿಸ್ಟಮಿಗೂ ಅಷ್ಟೇ ಸತ್ಯ. ನಾನು ಫೈಬರ್ ಲೈನಿನ ಬಗ್ಗೆ ಮತ್ತು ಮೂರನೇ ಕೊಟೇಶನ್ ಬಗ್ಗೆ ಬರೆಯುತ್ತೇನೆ.

ಫೈಬರಿಗೆ ಹೋದ ಮೇಲೆ ನಿಮ್ಮ ಎಕ್ಸ್‌ಚೇಂಜಿಗೆ ಲೈನ್ ಕೊಡುತ್ತಿರುವುದು ನಿಮ್ಮ ಆಫೀಸಿನಲ್ಲೇ ಇರುವ ಒಎನ್‌ಟಿ, ಅಂದರೆ ಫೈಬರಿನ ಸಿಗ್ನಲನ್ನು ಫೋನ್ ಲೈನಾಗಿ ಮಾಡುವ ಡಬ್ಬ. ಕಾಲರ್ ಐಡಿ ಕಳುಹಿಸುವ ರೀತಿ ಒಂದೇ ಅಲ್ಲ, ಡಿಟಿಎಂಎಫ್ ಒಂದು, ಎಫ್‌ಎಸ್‌ಕೆ ಇನ್ನೊಂದು. ನಿಮ್ಮ ಟ್ರಂಕ್ ಪೋರ್ಟು ಒಂದನ್ನು ಕಾಯುತ್ತಾ, ಒಎನ್‌ಟಿ ಇನ್ನೊಂದನ್ನು ಕಳುಹಿಸಿದರೆ ನಂಬರ್ ಕಾಣುವುದಿಲ್ಲ. ಎಕ್ಸ್‌ಚೇಂಜ್ ಪ್ರೋಗ್ರಾಮಿನಲ್ಲಿ ಟ್ರಂಕ್‌ವಾರು ಬದಲಾಯಿಸಲಿಕ್ಕೆ ಆಗುತ್ತದಾ ನೋಡಿ. ಕೆಲವು ಹಳೆಯದರಲ್ಲಿ ಕಾಲರ್ ಐಡಿ ಕಾರ್ಡೇ ಬೇರೆ, ಅದು ಒಂದೇ ಬಗೆಯದ್ದನ್ನು ಓದುತ್ತದೆ.

ಲೈನ್ ಬಿಡದಿರುವುದಕ್ಕೂ ಕಾರಣ ಇಂಥದ್ದೇ. ಆ ಕಡೆಯವರು ಇಟ್ಟದ್ದು ಎಕ್ಸ್‌ಚೇಂಜಿಗೆ ಗೊತ್ತಾಗಬೇಕಾದರೆ ಲೈನಿನ ಪೊಲಾರಿಟಿ ತಿರುಗಬೇಕು, ಅಥವಾ ವೋಲ್ಟೇಜು ಒಂದು ಗಳಿಗೆ ಕಡಿಯಬೇಕು, ಅಥವಾ ಬ್ಯುಸಿ ಟೋನನ್ನು ಎಕ್ಸ್‌ಚೇಂಜೇ ಕೇಳಿ ಗುರುತಿಸಬೇಕು. ನಮ್ಮ ದೇಶದ ಬ್ಯುಸಿ ಟೋನ್ 400 ಹರ್ಟ್ಸ್, 0.75 ಸೆಕೆಂಡ್ ಸದ್ದು, 0.75 ಸೆಕೆಂಡ್ ಮೌನ. ಟ್ರಂಕ್ ಸೆಟ್ಟಿಂಗ್‌ನಲ್ಲಿ ಟೋನ್ ಡಿಟೆಕ್ಷನ್ ಆನ್ ಮಾಡಿ ಈ ಅಂಕಿ ಕೊಡಿ. ಆಗದಿದ್ದರೆ ಒಎನ್‌ಟಿಯಲ್ಲಿ ಪೊಲಾರಿಟಿ ರಿವರ್ಸಲ್ ಆನ್ ಮಾಡಿಕೊಡಲು ಲೈನ್ ಕಂಪೆನಿಗೆ ಲಿಖಿತವಾಗಿ ಕೇಳಿ, ಅದು ಹೆಚ್ಚಾಗಿ ಅವರ ಕೈಯಲ್ಲೇ ಇರುತ್ತದೆ. ಒಎನ್‌ಟಿ ಎಕ್ಸ್‌ಚೇಂಜಿನ ಪಕ್ಕದಲ್ಲೇ ಇರಲಿ. ಅದರ ಫೋನ್ ಪೋರ್ಟ್ ಗಿಡ್ಡ ತಂತಿಗೆ ಮಾಡಿದ್ದು, ಅಲ್ಲಿಂದ ಅಂಗಳ ದಾಟಿಸಬಾರದು. ಪ್ರತಿಧ್ವನಿ ಬಂದರೆ ಟ್ರಂಕಿನ ಗೇನ್ 3 ಡಿಬಿ ಇಳಿಸಿ ನೋಡಿ.

ಇನ್ನು 1,72,000. ಶೇ. 18 ಜಿಎಸ್‌ಟಿ ಸೇರಿದರೆ 2,02,960. ಇದರಲ್ಲಿ ದೊಡ್ಡ ಪಾಲು 20 ಐಪಿ ಫೋನ್ ಮತ್ತು ವೈರಿಂಗಿನದ್ದು, ಎರಡೂ ನಿಮಗೆ ಅಷ್ಟು ಬೇಡ. ಗೋಡೌನಿನಲ್ಲಿ, ಗೇಟಿನಲ್ಲಿ, ಪ್ಯಾಕಿಂಗ್ ಹಾಲಿನಲ್ಲಿ ಇರುವ ಅನಲಾಗ್ ಸೆಟ್ ಧೂಳು ತಡೆಯುತ್ತದೆ, ಕೆಟ್ಟರೆ ಬದಲಿ ಅಗ್ಗ. ಹಾಗಾಗಿ ಹೀಗೆ ಕೊಟೇಶನ್ ಕೇಳಿ: 4 ಎಫ್‌ಎಕ್ಸ್‌ಒ ಪೋರ್ಟ್ (ಹೊರಗಿನ ಲೈನ್ ಕಟ್ಟುವ ಪೋರ್ಟ್) ಇರುವ ಐಪಿ ಪಿಬಿಎಕ್ಸ್, ಆಫೀಸಿನ ಅನಲಾಗ್ ಫೋನುಗಳಿಗೆ 16 ಪೋರ್ಟಿನ ಎಫ್‌ಎಕ್ಸ್‌ಎಸ್ ಗೇಟ್‌ವೇ (ಅನಲಾಗ್ ಫೋನನ್ನು ಐಪಿಗೆ ಜೋಡಿಸುವ ಡಬ್ಬ), ಗೋಡೌನಿಗೆ 4 ಪೋರ್ಟಿನದ್ದು ಒಂದು, ಗೇಟಿಗೆ 2 ಪೋರ್ಟಿನದ್ದು ಒಂದು, ಐಪಿ ಫೋನ್ ಆಪರೇಟರಿಗೆ ಮತ್ತು ನಿಜವಾಗಿ ಬೇಕಾದ ಎರಡು-ಮೂರು ಮೇಜಿಗೆ ಮಾತ್ರ. ಆಫೀಸಿನೊಳಗಿನ ಟೆಲಿಫೋನ್ ವೈರಿಂಗ್ ಹಾಗೇ ಕ್ರೋನಿನಿಂದ ಗೇಟ್‌ವೇಗೆ ಬರುತ್ತದೆ.

ಗೋಡೌನಿಗೆ ನೆಟ್‌ವರ್ಕ್ ಕೇಬಲ್ ಎಳೆಯುವ ಮಾತು ಯಾರಾದರೂ ಆಡಿದರೆ ಒಪ್ಪಬೇಡಿ. ಈಥರ್ನೆಟ್ ತಾಮ್ರಕ್ಕೆ ಮಿತಿ 100 ಮೀಟರ್, ನಿಮ್ಮದು 120. ಅದಕ್ಕಿಂತ ಮುಖ್ಯವಾಗಿ ಅದೂ ತಾಮ್ರ, ಸಿಡಿಲಿಗೆ ಅದೇ ದಾರಿ. ಸಿಂಗಲ್ ಮೋಡ್ ಫೈಬರ್ ಹಾಕಿಸಿ, ಲೋಹ ಇಲ್ಲದ ಜಾತಿಯದ್ದು. ಸ್ಟೀಲ್ ಆರ್ಮರ್ ಇರುವ ಕೇಬಲ್ ಹಾಕಿದರೆ ಆ ಸ್ಟೀಲೇ ಎರಡು ಕಟ್ಟಡದ ಅರ್ಥನ್ನು ಜೋಡಿಸಿಬಿಡುತ್ತದೆ. ಎರಡೂ ಕಡೆ ಫೈಬರನ್ನು ನೆಟ್‌ವರ್ಕ್ ಕೇಬಲಿಗೆ ಹೊಂದಿಸುವ ಒಂದೊಂದು ಮೀಡಿಯಾ ಕನ್ವರ್ಟರ್, ಗೋಡೌನಿನಲ್ಲಿ ಸಣ್ಣ ಯುಪಿಎಸ್. ಗೇಟಿಗೂ ಇದೇ ಕ್ರಮ.

ಹೊಸ ಕ್ಯಾಟ್ 6 ಎಲ್ಲಿ ಹಾಕಿದರೂ ಪೂರ್ತಿ ತಾಮ್ರದ್ದೇ ಅಂತ ಕೊಟೇಶನ್‌ನಲ್ಲಿ ಬರೆಸಿ. ತಾಮ್ರದ ಲೇಪ ಇರುವ ಅಲ್ಯೂಮಿನಿಯಂ ಕೇಬಲ್ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಪಿಒಇ (ಅದೇ ಕೇಬಲಿನಲ್ಲಿ ಫೋನಿಗೆ ಕರೆಂಟ್) ಕೊಟ್ಟರೆ ವೋಲ್ಟೇಜ್ ಬೀಳುತ್ತದೆ, ನಮ್ಮ ಹವೆಗೆ ಕನೆಕ್ಟರಿನ ಜಾಗದಲ್ಲೇ ಕೊರೆದು ಹೋಗುತ್ತದೆ. ಬ್ಲೇಡಿನಲ್ಲಿ ತಂತಿಯ ಮೇಲ್ಮೈ ಕೆರೆದು ನೋಡಿ, ಒಳಗೆ ಬೆಳ್ಳಿ ಬಣ್ಣ ಕಂಡರೆ ವಾಪಸ್ ಕಳುಹಿಸಿ.


ಕುಂದಾಪುರ ಟ್ರೇಡರ್:

ಇಷ್ಟೆಲ್ಲ ಯಾಕೆ ಮಾರಾಯ್ರೆ? 19 ಜನರಿಗೆ ಕಂಪೆನಿ ಸಿಮ್ ಕೊಟ್ಟರೆ ಕೆಲಸ ಆಗುವುದಿಲ್ಲವಾ? ಒಳಗಿನ ಕಾಲ್ ಎಲ್ಲ ಫ್ರೀ.


ಲೆಕ್ಕಪತ್ರ, ಉಡುಪಿ:

ಮಾರ್ಕೆಟಿಂಗಿನವರಿಗೆ ಆದೀತು. ಆದರೆ ಗೇಟಿನಲ್ಲಿ, ವೇ ಬ್ರಿಜ್‌ನಲ್ಲಿ ಶಿಫ್ಟಿಗೆ ಒಬ್ಬರು ಬದಲಾಗುತ್ತಾರೆ. ಅಲ್ಲಿ ಫೋನ್ ಜಾಗಕ್ಕೆ ಬೇಕು, ವ್ಯಕ್ತಿಗೆ ಅಲ್ಲ. ಚಾರ್ಜ್ ಇಲ್ಲದ ಮೊಬೈಲ್ ಗೇಟಿನಲ್ಲಿದ್ದು ಪ್ರಯೋಜನ ಇಲ್ಲ. ಗಿರಾಕಿ 0824 ನಂಬರಿಗೆ ಮಾಡಿದ ಕಾಲ್ ಒಬ್ಬರು ಎತ್ತದಿದ್ದರೆ ಇನ್ನೊಬ್ಬರಿಗೆ ಹೋಗುವ ವ್ಯವಸ್ಥೆಯೂ ಬೇಕು.

ಅಡ್ಮಿನ್ ಅವರೇ, ಮೇನೇಜ್‌ಮೆಂಟಿಗೆ ಬರೆಯುವ ಮೊದಲು ಎಷ್ಟು ಲೈನ್ ಬೇಕು ಅನ್ನುವ ಲೆಕ್ಕ ತೆಗೆಯಿರಿ, ಯಾರ ಕೊಟೇಶನ್‌ನಲ್ಲೂ ಅದು ಇರುವುದಿಲ್ಲ. ಆಪರೇಟರ್ ಹತ್ತಿರ ಒಂದು ವಾರ ಪುಸ್ತಕ ಇಡಿ. ದಿನದ ಅತಿ ಹೆಚ್ಚು ಕಾಲ್ ಇರುವ ಒಂದು ಗಂಟೆಯಲ್ಲಿ ಬಂದದ್ದು, ಹೋದದ್ದು ಎಷ್ಟು, ಸರಾಸರಿ ಎಷ್ಟು ನಿಮಿಷ ಅಂತ ಬರೆಸಿ. ಎಕ್ಸ್‌ಚೇಂಜಿನಲ್ಲಿ ಕಾಲ್ ರೆಕಾರ್ಡ್ ಬರುವ ಸೀರಿಯಲ್ ಪೋರ್ಟ್ ಇದ್ದರೆ ಕಂಪ್ಯೂಟರಿಗೆ ಕಟ್ಟಿದರೆ ಇನ್ನೂ ಒಳ್ಳೆಯದು. ಉದಾಹರಣೆಗೆ ಆ ಗಂಟೆಯಲ್ಲಿ 20 ಕಾಲ್, ಒಂದೊಂದು 3 ನಿಮಿಷ ಅಂದರೆ 60 ನಿಮಿಷ, ಟೆಲಿಫೋನ್ ಲೆಕ್ಕದಲ್ಲಿ 1 ಅರ್ಲಾಂಗ್. ಅರ್ಲಾಂಗ್ ಬಿ ಸೂತ್ರದ ಪ್ರಕಾರ 2 ಲೈನ್ ಇದ್ದರೆ ಐದರಲ್ಲಿ ಒಂದು ಕಾಲಿಗೆ ಬ್ಯುಸಿ ಸಿಗುತ್ತದೆ. 3 ಲೈನಿಗೆ ಹದಿನಾರರಲ್ಲಿ ಒಂದು, 4 ಲೈನಿಗೆ 65ರಲ್ಲಿ ಒಂದು. ನಿಮ್ಮ ಮೂರನೇ ಲೈನ್ ಹೋಲ್ಡಿನಲ್ಲಿ ಸಿಕ್ಕಿಕೊಂಡು ನಿಂತಾಗಲೆಲ್ಲ ನೀವು 3 ಲೈನಿನಿಂದ 2ಕ್ಕೆ ಇಳಿದಿರುತ್ತೀರಿ. ಇದೇ ಟ್ರಾಫಿಕ್ ಇದ್ದರೆ ಹದಿನಾರಕ್ಕೆ ಒಂದು ತಪ್ಪುವ ಕಡೆ ಐದಕ್ಕೆ ಒಂದು ತಪ್ಪುತ್ತದೆ. ಮೇನೇಜ್‌ಮೆಂಟಿಗೆ ಈ ಅಂಕಿ ತೋರಿಸಿ, ಕಾರ್ಡು, ಕೆಪಾಸಿಟರ್ ವಿಷಯಕ್ಕಿಂತ ಬೇಗ ಅರ್ಥ ಆಗುತ್ತದೆ.

ಲೈನನ್ನು ಫೈಬರಿಗೆ ಬದಲಾಯಿಸುವಾಗ ಅದೇ ಕಂಪೆನಿಯಲ್ಲಿ ಅದೇ ನಂಬರ್ ಉಳಿಯುತ್ತದೆ ಅಂತ ಮೊದಲೇ ಬರೆಸಿಕೊಳ್ಳಿ. ಕಂಪೆನಿ ಬದಲಾಯಿಸುವ ಯೋಚನೆ ಇದ್ದರೆ ಗಮನ ಇರಲಿ, ಲ್ಯಾಂಡ್‌ಲೈನ್ ನಂಬರಿಗೆ ಮೊಬೈಲಿನ ಹಾಗೆ ಪೋರ್ಟಿಂಗ್ ಇಲ್ಲ. ಮೂರೂ ನಂಬರಿಗೆ ಹಂಟಿಂಗ್ (ಒಂದು ಬ್ಯುಸಿ ಇದ್ದರೆ ಕಾಲ್ ಇನ್ನೊಂದಕ್ಕೆ ಹೋಗುವುದು) ಇದ್ದರೆ, ಒಂದು ಫೈಬರ್ ಎರಡು ತಾಮ್ರ ಆದಾಗ ಅದು ಕೆಲಸ ಮಾಡುತ್ತದಾ ಎಂದು ಹೊರಗಿನ ಮೊಬೈಲಿನಿಂದ ಮಾಡಿ ನೋಡಿ.

ಎರಡನೇ ಕೊಟೇಶನ್ನಿನ ಎಎಂಸಿಯಲ್ಲಿ ಸಿಡಿಲಿನ ಹಾನಿ ಸೇರಿದೆಯಾ ಓದಿ. ಸಾಮಾನ್ಯವಾಗಿ ಸೇರಿರುವುದಿಲ್ಲ, ಅಂದರೆ ನಿಮಗೆ ಪ್ರತಿ ಸಲ ಆಗುವ ಹಾನಿಗೇ ಅದು ಇಲ್ಲ.


ಬೈಕಂಪಾಡಿ ಅಡ್ಮಿನ್:

ಎಲ್ಲರಿಗೂ ಧನ್ಯವಾದ. ನಮ್ಮ ಇಲೆಕ್ಟ್ರಿಶನ್ ಸೇರಿ ಅಳತೆ ತೆಗೆದಾಯಿತು.

ಮೂರನೇ ಕಾರ್ಡು: ಎಂಟರಲ್ಲಿ ಆರು ಪೋರ್ಟು ಸತ್ತಿವೆ, ಎರಡು ಸರಿ ಉಂಟು. ಒಂದು, ಎರಡನೇ ಕಾರ್ಡು ಪೂರ್ತಿ ಸರಿ.
ಬ್ಯಾಟರಿ: ಮೇನ್ಸ್ ಇದ್ದಾಗ ಒಟ್ಟು 54.2. ಮೇನ್ಸ್ ತೆಗೆದ ಎರಡೇ ನಿಮಿಷಕ್ಕೆ 41. ಅದರಲ್ಲಿ ಒಂದು ಬ್ಯಾಟರಿ 6 ವೋಲ್ಟ್ ತೋರಿಸಿತು.
ಮೆಮೊರಿ ಸೆಲ್: ಸಿಆರ್2032, 1.9 ವೋಲ್ಟ್.
ಗೋಡೌನ್ ಕೇಬಲ್: ಎರಡು ಜೋಡಿ ಅರ್ಥಿಗೆ 0.08 ಮೆಗಾ ಓಮ್. ಮೂರನೆಯದರ ಲೂಪ್ 60ರ ಸುತ್ತ ಓಡಾಡುತ್ತದೆ. ನಾಲ್ಕನೆಯದು ಸರಿ, 22 ಓಮ್. ಗೇಟಿನ ಎರಡೂ ಜೋಡಿ ಸರಿ.
ಎರಡನೇ ಟ್ರಂಕ್: ಎಕ್ಸ್‌ಚೇಂಜಿನಿಂದ ಬಿಡಿಸಿ ಫೋನ್ ನೇರ ಹಾಕಿದರೂ ಸದ್ದು ಬರುತ್ತದೆ.
ಅರ್ಥ್: ಎಕ್ಸ್‌ಚೇಂಜಿಗೆ ಬೇರೆ ಗುಂಡಿ, 14 ಓಮ್. ಕಟ್ಟಡದ ಅರ್ಥಿಗೆ ಸೇರಿಲ್ಲ.


ಕ್ರೋನ್ ಟೂಲ್, ಯೆಯ್ಯಾಡಿ:

ಹಾಗಾದರೆ ನಿಮ್ಮ ಎಕ್ಸ್‌ಚೇಂಜ್ ಸತ್ತಿಲ್ಲ. ಮೊದಲ ಕೊಟೇಶನ್ನಿನಲ್ಲಿರುವ ಪವರ್ ಸಪ್ಲೈ ರಿಪೇರಿ ಈಗ ಬೇಡ. 54.2 ಅಂದರೆ ಚಾರ್ಜಿಂಗ್ ಸರಿ ಉಂಟು, ರೀಸ್ಟಾರ್ಟ್ ಆಗುತ್ತಿದ್ದದ್ದು ಬ್ಯಾಟರಿಯಿಂದ. ಒಂದೇ ಒಂದು ನೋಡಿ, 5 ವೋಲ್ಟ್ ಔಟ್‌ಪುಟ್‌ನಲ್ಲಿ ಮೀಟರನ್ನು ಎಸಿಗೆ ಹಾಕಿದರೆ 0.05ಕ್ಕಿಂತ ಹೆಚ್ಚು ತೋರಿಸಿದರೆ ಕೆಪಾಸಿಟರ್ ಸೋತಿವೆ ಅಂತ. ಆಗ ಔಟ್‌ಪುಟ್ ಕಡೆಯ ಎಲೆಕ್ಟ್ರೊಲಿಟಿಕ್‌ಗಳನ್ನು 105 ಡಿಗ್ರಿಯವಕ್ಕೆ ಬದಲಾಯಿಸಿದರೆ ಆಯಿತು; ಮೈಕ್ರೊಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚು. ಪ್ರೈಮರಿ ಕಡೆಯ ಕೆಪಾಸಿಟರಿನಲ್ಲಿ ಸ್ವಿಚ್ ತೆಗೆದ ಮೇಲೂ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು, ಗೊತ್ತಿದ್ದವರೇ ಬಿಚ್ಚಬೇಕು.

ಹಳೆ ಕಾರ್ಡು ಕೊಳ್ಳುವ ಎರಡನೇ ಕೊಟೇಶನ್ ಬಿಟ್ಟುಬಿಡಿ. ಬೇರೆ ಕಡೆಯಿಂದ ತೆಗೆದ ಕಾರ್ಡು ನಿಮ್ಮದರಷ್ಟೇ ಮಳೆಗಾಲ ಕಂಡಿರುತ್ತದೆ, ವರ್ಷನ್ ಹೊಂದದಿದ್ದರೆ ಸಿಪಿಯು ಗುರುತಿಸುವುದೂ ಇಲ್ಲ. ನಿಮಗೆ ಕಾರ್ಡೇ ಬೇಡ. 19ರಲ್ಲಿ 6 ಕಳೆದರೆ 13 ಫೋನ್ ಒಂದು, ಎರಡನೇ ಕಾರ್ಡಿನಲ್ಲಿವೆ, ಅಲ್ಲಿ ಪೋರ್ಟ್ 16. ಮೂರು ಖಾಲಿ! ಗೇಟಿನ ಎರಡು ಜೋಡಿ ಮತ್ತು ಗೋಡೌನಿನ ಸರಿಯಿರುವ ಒಂದು ಜೋಡಿಯನ್ನು ಆ ಮೂರಕ್ಕೆ ಜಂಪರ್ ಮಾಡಿ, ಪ್ರೋಗ್ರಾಮಿನಲ್ಲಿ ಹಳೆ ಎಕ್ಸ್‌ಟೆನ್ಶನ್ ನಂಬರನ್ನೇ ಹೊಸ ಪೋರ್ಟಿಗೆ ಕೊಡಿ. ಆದರೆ ಪ್ರೊಟೆಕ್ಷನ್ ಪ್ಲಗ್ ಹಾಕದೆ ಇದನ್ನು ಮಾಡಬಾರದು. ಹೊರಗಿನ ತಂತಿ ಒಳ್ಳೆಯ ಕಾರ್ಡಿಗೆ ಬಂತು ಅಂದರೆ ಮುಂದಿನ ಸಿಡಿಲಿಗೆ ಅದರ ಸರದಿ. ಮೂರನೇ ಕಾರ್ಡಿನಲ್ಲಿ ಉಳಿದ ಎರಡು ಪೋರ್ಟನ್ನು ನೆಚ್ಚಬೇಡಿ. ಪೆಟ್ಟು ತಿಂದ ಕಾರ್ಡು ಉಳಿದದ್ದನ್ನೂ ಎಳೆದುಕೊಂಡು ಹೋಗುತ್ತದೆ. ಹೊರಗೆ ತೆಗೆದಿಟ್ಟರೆ ಒಳ್ಳೆಯದು.

ಈಗ ಮಾಡಬೇಕಾದ ಕೆಲಸ ಅಂದರೆ ನಾಲ್ಕು ಬ್ಯಾಟರಿ, ಒಂದು ಸಿಆರ್2032, ಹೊರಗೆ ಹೋಗುವ ಜೋಡಿಗಳಿಗೆ ಮತ್ತು ಎರಡು ತಾಮ್ರದ ಟ್ರಂಕಿಗೆ ಪ್ರೊಟೆಕ್ಷನ್, ಮತ್ತೆ ಅರ್ಥ್ ಸೇರಿಸುವುದು. 14 ಓಮಿನ ಗುಂಡಿಯನ್ನು ಕಟ್ಟಡದ ಅರ್ಥಿಗೆ 6 ಚದರ ಮಿ.ಮೀ. ತಂತಿಯಲ್ಲಿ ಜೋಡಿಸಿ ಪುನಃ ಅಳೆಯಿರಿ. ಇದರಲ್ಲಿ ಹಳೆ ಎಕ್ಸ್‌ಚೇಂಜಿನ ಜೊತೆಗೇ ಹೋಗುವ ಖರ್ಚು ಬ್ಯಾಟರಿ, ಸೆಲ್ ಮತ್ತು ಪ್ರೊಟೆಕ್ಷನ್ ಪ್ಲಗ್ ಮಾತ್ರ, ಅರ್ಥ್ ನಾಳೆ ಬರುವ ಮೆಷಿನಿಗೂ ಬೇಕಾದದ್ದೇ. ಗೋಡೌನಿನ ತಾಮ್ರದ ಕೇಬಲ್ ರಿಪೇರಿಗೆ ಒಂದು ರೂಪಾಯಿಯೂ ಹಾಕಬೇಡಿ, ಆ ದುಡ್ಡು ಫೈಬರಿಗೆ ಇರಲಿ.

ಎರಡನೇ ಟ್ರಂಕಿನ ಸದ್ದು ನಿಮ್ಮ ಎಕ್ಸ್‌ಚೇಂಜಿನದ್ದಲ್ಲ ಅಂತ ಸಾಬೀತಾಯಿತು. ಹೊರಗಿನ ಡ್ರಾಪ್ ವೈರ್ ಜಾಯಿಂಟ್ ಇರುವ ಡಬ್ಬ ತೆರೆಸಿ ನೋಡಿ. ಹೇಗೂ ಆ ಲೈನ್ ಫೈಬರಿಗೆ ಹೋಗಲಿಕ್ಕಿದೆ, ಮೊದಲು ಅದನ್ನೇ ಬದಲಾಯಿಸಿಕೊಳ್ಳಿ.


ಮಣಿಪಾಲ ನೆಟ್‌ವರ್ಕಿಂಗ್:

ಒಪ್ಪಿದೆ, ಒಂದು ಸೇರ್ಪಡೆಯೊಂದಿಗೆ. ಹಳೆಯದನ್ನು ಹೀಗೆ ನಿಲ್ಲಿಸಿಕೊಂಡರೂ ಮೂರೂ ಲೈನ್ ಫೈಬರಿಗೆ ಬರುವ ಹೊತ್ತಿಗೆ ಹೊಸ ಐಪಿ ಪಿಬಿಎಕ್ಸ್ ತೆಗೆದುಕೊಳ್ಳಿ, ಅದಕ್ಕಿಂತ ಮುಂದೆ ಎಳೆಯಬೇಡಿ. ಮೂರು ಲೈನಿನಲ್ಲೂ ಹೋಲ್ಡ್ ಸಿಕ್ಕಿಕೊಳ್ಳಲು ಸುರುವಾದರೆ ಆಪರೇಟರ್ ಕೈಚೆಲ್ಲುತ್ತಾರೆ. ಆಗ ಲೈನನ್ನು ಒಎನ್‌ಟಿಯ ಫೋನ್ ಪೋರ್ಟಿನಿಂದ ತೆಗೆದುಕೊಳ್ಳುವ ಬದಲು ಸಿಪ್ ಟ್ರಂಕ್ (ಇಂಟರ್‌ನೆಟ್ ಮಾದರಿಯಲ್ಲಿ ನೇರ ಪಿಬಿಎಕ್ಸ್‌ಗೆ ಬರುವ ಲೈನ್) ಆಗಿಯೇ ಕೊಡುತ್ತೀರಾ ಅಂತ ಲೈನ್ ಕಂಪೆನಿಯನ್ನು ಕೇಳಿ. ಕೊಟ್ಟರೆ ಕಾಲರ್ ಐಡಿ ಬಾರದಿರುವುದು, ಲೈನ್ ಬಿಡದಿರುವುದು ಎರಡೂ ಬುಡದಿಂದಲೇ ಹೋಗುತ್ತವೆ. ಸಿಪ್ ಟ್ರಂಕ್ ಲೈಸೆನ್ಸ್ ಇರುವ ಟೆಲಿಕಾಂ ಕಂಪೆನಿಯಿಂದಲೇ ಇರಲಿ, ಅಗ್ಗದ ನಿಮಿಷ ಮಾರುವವರ ಹತ್ತಿರ ಹೋಗಬೇಡಿ. ಜಿ.711 ಕೋಡೆಕ್‌ನಲ್ಲಿ ಒಂದು ಕಾಲಿಗೆ ಆಚೀಚೆ ತಲಾ 87 ಕೆಬಿಪಿಎಸ್ ಸಾಕು, ಬ್ಯಾಂಡ್‌ವಿಡ್ತ್ ಸಮಸ್ಯೆಯೇ ಅಲ್ಲ.

ಕರೆಂಟಿನ ಲೆಕ್ಕ ಮಾತ್ರ ಮೊದಲೇ ಮಾಡಿ. ಹಳೆಯದರಲ್ಲಿ ಫೋನಿಗೆಲ್ಲ ಎಕ್ಸ್‌ಚೇಂಜಿನ ಬ್ಯಾಟರಿಯೇ ಸಾಕಿತ್ತು. ಹೊಸದರಲ್ಲಿ ಪಿಬಿಎಕ್ಸ್, ಗೇಟ್‌ವೇ, ಸ್ವಿಚ್, ಒಎನ್‌ಟಿ ಎಲ್ಲಕ್ಕೂ ಬ್ಯಾಕಪ್ ಬೇಕು, ಒಂದು ಹೋದರೂ ಎಲ್ಲ ಫೋನೂ ಮೌನ. ಒಟ್ಟು 120 ವಾಟ್ ಅಂತ ಹಿಡಿದರೆ 12 ವೋಲ್ಟ್ 100 ಎಎಚ್ ಬ್ಯಾಟರಿ ಅರ್ಧ ಬಳಸಿದಾಗ ಸುಮಾರು ನಾಲ್ಕು ಗಂಟೆ ಬರುತ್ತದೆ. ಮನೆ ಇನ್ವರ್ಟರ್ ಹಾಕುವುದಾದರೆ ಅದರ ಯುಪಿಎಸ್ ಮೋಡ್ ಸ್ವಿಚ್ ಆನ್ ಇರಬೇಕು, ಇಲ್ಲದಿದ್ದರೆ ಬದಲಾಗುವ ಕ್ಷಣದಲ್ಲಿ ಎಲ್ಲವೂ ರೀಬೂಟ್ ಆಗುತ್ತದೆ.

ಬದಲಾಯಿಸುವ ದಿನ ಹಳೆಯದನ್ನು ಕಿತ್ತು ಹಾಕಬೇಡಿ. ಮೊದಲು ಒಂದೇ ಟ್ರಂಕ್ ಮತ್ತು ಗೋಡೌನಿನ ಫೋನುಗಳನ್ನು ಹೊಸದಕ್ಕೆ ಕೊಡಿ. ಹಳೆಯದರ ಒಂದು ಎಕ್ಸ್‌ಟೆನ್ಶನ್ ಪೋರ್ಟನ್ನು ಹೊಸದರ ಎಫ್‌ಎಕ್ಸ್‌ಒಗೆ ಕಟ್ಟಿದರೆ ಎರಡರ ನಡುವೆ ಕಾಲ್ ದಾಟಿಸಬಹುದು. ಒಂದು ವಾರ ನಡೆದ ಮೇಲೆ ಉಳಿದದ್ದು. ಎಕ್ಸ್‌ಟೆನ್ಶನ್ ನಂಬರುಗಳು, ಹೊರಗೆ ಹೋಗಲು ಒತ್ತುವ 0 ಅಥವಾ 9, ಯಾವುದನ್ನೂ ಬದಲಾಯಿಸಬೇಡಿ. ರೂಟರಿನಲ್ಲಿ ಸಿಪ್ ಎಎಲ್‌ಜಿ (ಸಿಪ್ ಕಾಲನ್ನು ದಾರಿಯಲ್ಲಿ ತಿದ್ದುವ ಸೆಟ್ಟಿಂಗ್) ಆಫ್ ಮಾಡಿ, ಅದು ಆನ್ ಇದ್ದರೆ ಎಷ್ಟೋ ಸಲ ಒಂದು ಕಡೆಯ ಮಾತು ಕೇಳಿಸುವುದಿಲ್ಲ. ಸಿಪ್ ಬಳಸುವ 5060 ಪೋರ್ಟನ್ನು ಇಂಟರ್‌ನೆಟ್ಟಿಗೆ ತೆರೆದಿಡಬಾರದು, ಪ್ರತಿ ಎಕ್ಸ್‌ಟೆನ್ಶನ್ನಿಗೂ ಬೇರೆ ಬೇರೆ ಉದ್ದದ ಪಾಸ್‌ವರ್ಡ್, ಐಎಸ್‌ಡಿ ಬೇಡದಿದ್ದರೆ ಲೈನ್ ಕಂಪೆನಿಯಲ್ಲೇ ಬಂದ್ ಮಾಡಿಸಿ. ರಾತ್ರೋರಾತ್ರಿ ಹೊರದೇಶಕ್ಕೆ ಕಾಲ್ ಮಾಡಿ ಬಿಲ್ ಏರಿಸುವವರು ಇಂಥ ತೆರೆದ ಪೋರ್ಟನ್ನೇ ಹುಡುಕುತ್ತಿರುತ್ತಾರೆ. ಕಾನ್ಫಿಗರೇಶನ್ ಬ್ಯಾಕಪ್ ಫೈಲ್ ಮತ್ತು ಅಡ್ಮಿನ್ ಪಾಸ್‌ವರ್ಡ್ ಎರಡನ್ನೂ ಇನ್‌ಸ್ಟಾಲ್ ಮಾಡಿದವರಿಂದ ಅವತ್ತೇ ಕೈಗೆ ತೆಗೆದುಕೊಂಡು, ಆಮೇಲೆ ಕೊನೆಯ ಕಂತಿನ ಚೆಕ್ ಕೊಡಿ.


ಬೈಕಂಪಾಡಿ ಅಡ್ಮಿನ್:

ಬ್ಯಾಟರಿ, ಸೆಲ್, ಪ್ರೊಟೆಕ್ಷನ್ ಪ್ಲಗ್, ಅರ್ಥ್ ಕೆಲಸಕ್ಕೆ ಈ ವಾರವೇ ಅನುಮತಿ ಕೇಳುತ್ತೇನೆ. ಫೈಬರ್ ಎಳೆಯುವುದು ಮತ್ತು ಹೊಸ ಪಿಬಿಎಕ್ಸ್ ಎರಡನೇ ಹಂತ ಅಂತ ಬರೆಯುತ್ತೇನೆ. ಹಳೆ ಬ್ಯಾಟರಿ, ಸತ್ತ ಕಾರ್ಡು ಏನು ಮಾಡುವುದು? ಗುಜರಿಯವರು ಕೇಳುತ್ತಿದ್ದಾರೆ.


ಲೆಕ್ಕಪತ್ರ, ಉಡುಪಿ:

ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ವಾಪಸ್ ಕೊಟ್ಟು ಬಿಲ್ಲಿನಲ್ಲಿ ಕಡಿತ ತೋರಿಸಲು ಹೇಳಿ. ಕಾರ್ಡು, ಮುಂದೆ ಎಕ್ಸ್‌ಚೇಂಜು, ಇ-ವೇಸ್ಟ್ ಲೆಕ್ಕಕ್ಕೆ ಬರುತ್ತವೆ. ನೋಂದಾಯಿತ ರೀಸೈಕ್ಲರಿಗೇ ಕೊಟ್ಟು ರಸೀದಿ ಇಟ್ಟುಕೊಳ್ಳಿ, ಆಡಿಟಿನಲ್ಲಿ ಆಸ್ತಿ ಪಟ್ಟಿಯಿಂದ ತೆಗೆಯಲಿಕ್ಕೂ ಅದೇ ದಾಖಲೆ. ಆದರೆ ಈಗಲೇ ಮೂರನೇ ಕಾರ್ಡು ಕೊಡಬೇಡಿ. ಅದರ ರಿಲೇ, ಕನೆಕ್ಟರ್ ಉಳಿದ ಎರಡು ಕಾರ್ಡಿಗೆ ಬಿಡಿಭಾಗ ಆಗುತ್ತವೆ, ಹೊಸ ಸಿಸ್ಟಮ್ ಬರುವವರೆಗೆ ಕಪಾಟಿನಲ್ಲಿರಲಿ.